ಗದ್ದೆ ಖಾಲಿಯಾಗುವ ಮೊದಲೇ ಸಸಿ: ಕಾರವಾರದಿಂದ ಶಿರಸಿಯವರೆಗಿನ ಪಾಲುತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಭತ್ತದ ಕೊಯ್ಲು ಮುಗಿದ ಗದ್ದೆಯ ಒಂದು ತುಂಡು, ನಾಲ್ಕು ಮನೆಯವರು ಸೇರಿ ಬೇಲಿ ಹಾಕಿಕೊಂಡ ಖಾಲಿ ನಿವೇಶನ, ನೆಂಟರ ಹಿತ್ತಲಿನಲ್ಲಿ ಸಿಕ್ಕ ಎರಡು ಮಡಿ. ಇಂಥ ಪಾಲುತೋಟಗಳಲ್ಲಿ ತರಕಾರಿ, ಹೂವು ಬೆಳೆಯುವವರು ಸಂತೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಪತ್ರಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಕರಾವಳಿಗೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಕ್ಕೂ ಉತ್ತರ ಬೇರೆಯಾಗುವಲ್ಲಿ ಹಾಗೆಂದೇ ಹೇಳಿದ್ದೇನೆ.

## ಶುರು ಮಾಡುವವರಿಗೆ

ನಮ್ಮಲ್ಲಿ ಹೇಳಿಕೊಳ್ಳುವಂಥ ಚಳಿಯೇ ಇಲ್ಲ. ಮತ್ತೆ ಸಸಿಯನ್ನು ಮುಂಚಿತವಾಗಿ ಮಾಡಿಕೊಳ್ಳುವುದೇಕೆ?

ಚಳಿಗೆ ಹೆದರಿ ಸಸಿ ಮಾಡುವುದು ಹಿಮ ಬೀಳುವ ದೇಶಗಳ ಪದ್ಧತಿ. ಅಲ್ಲಿನ ಪಾಲುತೋಟದವರು ಫೆಬ್ರವರಿ, ಮಾರ್ಚ್‌ನಲ್ಲಿ ಮನೆಯೊಳಗೆ ಕಿಟಕಿಯ ಬಳಿ ಟೊಮೆಟೊ, ಮೆಣಸಿನಕಾಯಿ ಬೀಜ ಬಿತ್ತಿ, ಹಿಮ ಬೀಳುವುದು ನಿಲ್ಲುವ ತನಕ ಕಾಯುತ್ತಾರೆ. ಮೊಬೈಲಿನಲ್ಲಿ ಅವರ ವಿಡಿಯೊ ನೋಡಿ ಇಲ್ಲಿ ಫೆಬ್ರವರಿಯಲ್ಲಿ ಟ್ರೇ ತುಂಬಿಸುವವರಿದ್ದಾರೆ. ಆ ಸಸಿಗಳು ಏಪ್ರಿಲ್ ಬಿಸಿಲಿಗೆ ಸರಿಯಾಗಿ ಗದ್ದೆಗೆ ಇಳಿಯುತ್ತವೆ, ಆಮೇಲಿನದನ್ನು ಹೇಳಬೇಕಾಗಿಲ್ಲ.

ನಮ್ಮ ಕೈ ಕಟ್ಟುವುದು ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಮಳೆ ಬಿಟ್ಟು, ಭತ್ತ ಕೊಯ್ದು, ಗದ್ದೆ ಆರುವಾಗ ನವೆಂಬರ್. ಮಾರ್ಚ್ ಬಂತೆಂದರೆ ಬಾವಿಯ ನೀರು ಇಳಿಯತೊಡಗುತ್ತದೆ, ಬಿಸಿಲು ಚುರುಗುಟ್ಟುತ್ತದೆ. ನಡುವಿನ ನಾಲ್ಕು ತಿಂಗಳೇ ನಮ್ಮ ತರಕಾರಿ ಕಾಲ. ಗದ್ದೆ ಸಿಕ್ಕ ಮೇಲೆ ಮೆಣಸಿನಕಾಯಿ ಬೀಜ ಬಿತ್ತಿದರೆ ಅದರಲ್ಲಿ ಒಂದೂವರೆ ತಿಂಗಳು ಸಸಿಮಡಿಯಲ್ಲೇ ಕಳೆದುಹೋಗುತ್ತದೆ. ಗದ್ದೆ ಸಿಗುವ ದಿನ ಸಸಿ ಕೈಯಲ್ಲಿದ್ದರೆ ಆ ಒಂದೂವರೆ ತಿಂಗಳೂ ಕಾಯಿ ಕೊಯ್ಯಲು ಸಿಗುತ್ತದೆ.

ಹಾಗಾದರೆ ಯಾವತ್ತು ಬಿತ್ತಬೇಕು? ಒಂದು ದಿನಾಂಕ ಹೇಳಿಬಿಡಿ.

ದಿನಾಂಕವನ್ನು ನಿಮ್ಮ ಗದ್ದೆಯೇ ಹೇಳಬೇಕು. ನಾಟಿ ಮಾಡುವ ದಿನವನ್ನು ಮೊದಲು ಅಂದಾಜು ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಮೆಣಸಿನಕಾಯಿ ಸಸಿಗೆ 40ರಿಂದ 45 ದಿನ, ಬದನೆಗೆ 30ರಿಂದ 35, ಟೊಮೆಟೊ, ಎಲೆಕೋಸು, ನವಿಲುಕೋಸುಗಳಿಗೆ 25ರಿಂದ 30, ಈರುಳ್ಳಿಗೆ ಸುಮಾರು 45ರಿಂದ 50, ಗೊಂಡೆಗೆ, ಅಂದರೆ ಚೆಂಡುಹೂವಿಗೆ, 25ರಿಂದ 30 ದಿನ ಬೇಕು. ವಯಸ್ಸು ಮೀರಿದ ಸಸಿ ನೆಟ್ಟರೂ ನಿಂತಲ್ಲೇ ನಿಲ್ಲುತ್ತದೆ. ಅದಕ್ಕಿಂತ ವಾರ ತಡವಾಗಿ ಬಿತ್ತಿದ್ದೇ ಮೇಲು.

ಕಾರವಾರ, ಅಂಕೋಲಾ, ಕುಮಟಾ ಕಡೆ ನವೆಂಬರ್ ಮೊದಲ ವಾರದ ನಾಟಿಗೆ ಮೆಣಸಿನಕಾಯಿಯನ್ನು ಸೆಪ್ಟೆಂಬರ್ 20ರ ಸುಮಾರಿಗೆ, ಅಂದರೆ ಉತ್ತರಾ ಮಳೆಯಲ್ಲಿ ಬಿತ್ತಬೇಕು. ಬದನೆ ತಿಂಗಳ ಕೊನೆಗೆ, ಟೊಮೆಟೊ ಮತ್ತು ಕೋಸುಗಳು ಅಕ್ಟೋಬರ್ ಮೊದಲ ವಾರದ ಹಸ್ತಾ ಮಳೆಗೆ. ಘಟ್ಟದ ಮೇಲೆ ಭತ್ತದ ಕೊಯ್ಲು ತಡ, ಆದ್ದರಿಂದ ಎಲ್ಲವನ್ನೂ ಎರಡು, ಮೂರು ವಾರ ಮುಂದಕ್ಕೆ ಹಾಕಿ.

ಇದು ಹಿಂಗಾರಿನ ಲೆಕ್ಕ. ಮಳೆಗಾಲದ ಬಳ್ಳಿಗಳ ಸುತ್ತು ಬೇರೆಯೇ ಇದೆ. ಸೌತೆ, ಹೀರೆ, ಹಾಗಲ, ಪಡವಲಗಳನ್ನು ಮೇ ಮಧ್ಯದಲ್ಲಿ ಕೊಟ್ಟೆಗೆ (ಸಸಿ ಬೆಳೆಸುವ ಚೀಲಕ್ಕೆ) ಹಾಕಿ, ಎರಡು ಎಲೆ ಬಂದ ಸಸಿಯನ್ನು ರೋಹಿಣಿ ಅಥವಾ ಮೃಗಶಿರಾ ಮಳೆಯ ಮೊದಲ ಹನಿಗಳಿಗೆ ನೆಡಬೇಕು. ಆರಿದ್ರಾ ಮಳೆ ಜಡಿಯುವಷ್ಟರಲ್ಲಿ ಬಳ್ಳಿ ಚಪ್ಪರಕ್ಕೆ ಕೈ ಹಾಕಿರಬೇಕು. ಇಷ್ಟಾದರೆ ಚೌತಿಯಲ್ಲಿ ಗಣಪತಿಯ ಮೇಲೆ ಹಣ್ಣು, ತರಕಾರಿ ತೂಗುಹಾಕುವ ಫಲಾವಳಿಗೆ, ಕಾರವಾರದವರ ಮಾಟೋಳಿಗೆ, ಕಟ್ಟಲು ಸ್ವಂತ ಸೌತೆ, ಹಾಗಲ ಸಿಗುತ್ತವೆ.

ಯಾವುದನ್ನು ಸಸಿ ಮಾಡಿ ನೆಡಬೇಕು, ಯಾವುದನ್ನು ನೇರವಾಗಿ ಬಿತ್ತಬೇಕು?

ಬೇರು ಕದಲಿದರೆ ಮುನಿಯುವಂಥವನ್ನು ನೇರವಾಗಿ ಬಿತ್ತಿ: ಮೂಲಂಗಿ, ಗಜ್ಜರಿ, ಅಲಸಂದೆ, ಬೀನ್ಸ್, ಬೆಂಡೆ. ಕೆಂಪು ಹರಿವೆಯನ್ನೂ ಮಡಿಯಲ್ಲೇ ಚೆಲ್ಲಿ, ದಟ್ಟವಾದಲ್ಲಿ ಕಿತ್ತು ತಿನ್ನುತ್ತಾ ಬನ್ನಿ. ಬದನೆ, ಮೆಣಸಿನಕಾಯಿ, ಟೊಮೆಟೊ, ಕೋಸುಗಳು, ಈರುಳ್ಳಿ, ಗೊಂಡೆ, ಆಸ್ಟರ್ ಸಸಿ ಮಾಡಬೇಕಾದವು. ಸೌತೆ ಜಾತಿಯವು ನಡುವಿನವು. ಕೊಟ್ಟೆಯಲ್ಲಿ ಬೆಳೆಸಬಹುದು, ಆದರೆ ಹದಿನೈದು ದಿನ ದಾಟುವ ಮೊದಲೇ ಮಣ್ಣಿನ ಗಟ್ಟಿ ಒಡೆಯದ ಹಾಗೆ ನೆಲಕ್ಕಿಳಿಸಬೇಕು. ಬಸಳೆಗೆ ಬೀಜವೇ ಬೇಡ, ಗೇಣುದ್ದದ ಕಡ್ಡಿ ಸಾಕು.

ಪರಿಚಯದ ಗದ್ದೆಯವರು ನಾಲ್ಕು ತಿಂಗಳಿಗೆ ಜಾಗ ಕೊಡುತ್ತೇನೆ ಎಂದಿದ್ದಾರೆ. ಮೊದಲೇ ಏನೇನು ಮಾತನಾಡಿಕೊಳ್ಳಬೇಕು?

ಮೊದಲು ನೀರು. ಬಾವಿ ಯಾರದು, ಪಂಪಿನ ಕರೆಂಟ್ ಬಿಲ್ಲಿಗೆ ಯಾರು ಎಷ್ಟು ಕೊಡಬೇಕು, ಮಾರ್ಚ್‌ನಲ್ಲಿ ನೀರು ಕಡಿಮೆಯಾದರೆ ಮೊದಲ ಪಾಳಿ ಯಾರದು ಎಂಬುದನ್ನು ಸಸಿ ಮಾಡುವ ಮೊದಲೇ ಕೇಳಿಕೊಳ್ಳಿ. ಎರಡನೆಯದು ಬೇಲಿ. ಭತ್ತ ಕೊಯ್ದ ಮೇಲೆ ದನಗಳನ್ನು ಗದ್ದೆಬಯಲಿಗೆ ಬಿಡುವುದು ಹಳೆಯ ರೂಢಿ. ನೆಟ್ಟ ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಎಮ್ಮೆ ನಿಮ್ಮ ನವಿಲುಕೋಸಿನ ಸಾಲಿನಲ್ಲಿ ನಿಂತಿದ್ದರೆ ಎಮ್ಮೆಯದು ತಪ್ಪಲ್ಲ. ಮೂರನೆಯದು ಬಿಟ್ಟುಕೊಡುವ ದಿನ. ಮೇ ತಿಂಗಳ ಉಳುಮೆಗೆ ಮುನ್ನ ಕಡ್ಡಿ, ಹಗ್ಗ, ಪ್ಲಾಸ್ಟಿಕ್ ಏನೂ ಉಳಿಯದಂತೆ ಗದ್ದೆ ತೆರವಾಗಿರಬೇಕು.

ಕಾಗದ ಮಾಡಿಸೋಣವೇ ಎಂದು ಕೇಳುವವರಿದ್ದಾರೆ. ರಾಜ್ಯದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದ ಮೇಲೆ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಿಷೇಧವಿದೆ. ನಮ್ಮ ಜಿಲ್ಲೆಯಲ್ಲಿ ಗೇಣಿಯ ನೆನಪು ಇನ್ನೂ ಹಸಿಯಾಗಿಯೇ ಇದೆ. ಛಾಪಾ ಕಾಗದ ಎಂದ ಕೂಡಲೇ ಗದ್ದೆಯ ಒಡೆಯರು ಹಿಂದೆ ಸರಿದರೆ ಅವರನ್ನು ದೂರಬೇಡಿ. ವಿಶ್ವಾಸದ ಮೇಲೆ, ಒಂದು ಬೆಳೆಯ ಮಟ್ಟಿಗೆ, ಬೆಳೆದದ್ದರಲ್ಲಿ ಅವರ ಮನೆಗೂ ಒಂದು ಪಾಲು ತಲುಪಿಸುತ್ತಾ ನಡೆಸಿಕೊಂಡು ಹೋಗುವ ವ್ಯವಹಾರ ಇದು.

ಗಜನಿ ಗದ್ದೆಯಲ್ಲಿ ಅಗ್ಗವಾಗಿ ಜಾಗ ಸಿಗುತ್ತಿದೆ. ಆಗುತ್ತದೆಯೇ?

ಆಗುವುದಿಲ್ಲ. ಅಘನಾಶಿನಿಯಂಥ ಹೊಳೆಗಳ ಅಳಿವೆಯ ಪಕ್ಕದ ಗಜನಿಗೆ ಭರತದ ಉಪ್ಪುನೀರು ಬರುತ್ತದೆ. ಅದನ್ನು ತಾಳಿಕೊಳ್ಳುವುದು ಕಗ್ಗ ಭತ್ತ. ಟೊಮೆಟೊ, ಬೀನ್ಸ್ ತಾಳುವುದಿಲ್ಲ. ಗಜನಿಯ ಪಕ್ಕದ ಎತ್ತರದ ಜಾಗವಾದರೆ ಬೇಸಿಗೆಯಲ್ಲಿ ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಬಾಯಿಗೆ ಉಪ್ಪು ತಾಗುವ ನೀರನ್ನು ಎಳೆಯ ಸಸಿಗೆ ಹಾಕಬಾರದು.

## ಬೀಜ, ಮಣ್ಣು, ಸೂರು

ಕಳೆದ ವರ್ಷದ ಬೀಜ ಡಬ್ಬಿಯಲ್ಲಿದೆ. ಮೊಳೆಯುತ್ತದೆಯೋ ಇಲ್ಲವೋ ತಿಳಿಯುವುದು ಹೇಗೆ?

ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಆ ಗಂಟನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಸೌತೆ ಜಾತಿಯವು ನಾಲ್ಕೈದು ದಿನಕ್ಕೆ, ಟೊಮೆಟೊ ವಾರದೊಳಗೆ, ಮೆಣಸಿನಕಾಯಿ ಹತ್ತು, ಹನ್ನೆರಡು ದಿನಕ್ಕೆ ಮೊಳಕೆ ತೋರಿಸಬೇಕು. ಏಳಕ್ಕಿಂತ ಹೆಚ್ಚು ಮೊಳೆತರೆ ನಿಶ್ಚಿಂತೆಯಿಂದ ಬಿತ್ತಿ. ನಾಲ್ಕೈದು ಮೊಳೆತರೆ ಇಮ್ಮಡಿ ಹಾಕಿ. ಅದಕ್ಕಿಂತ ಕಡಿಮೆಯಾದರೆ ಹೊಸ ಬೀಜ ತನ್ನಿ.

ನಮ್ಮ ಗಾಳಿಯ ತೇವವೇ ಬೀಜದ ಶತ್ರು. ಈರುಳ್ಳಿ ಮತ್ತು ಆಸ್ಟರ್ ಬೀಜ ಒಂದು ಮಳೆಗಾಲ ಕಳೆಯುವುದೇ ಕಷ್ಟ. ಬದನೆ, ಟೊಮೆಟೊ ಎರಡು ಮೂರು ವರ್ಷ ಬರುತ್ತವೆ. ಹಿಂದಿನವರು ಬೂದಿ ಬೆರೆಸಿ ಒಣ ಸೋರೆಬುರುಡೆಯಲ್ಲಿ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಒಲೆಯಿಲ್ಲದ ಮನೆಯವರು ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ, ಚೆನ್ನಾಗಿ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಬೀಜದ ಜೊತೆ ಇಡಬಹುದು. ಹುರಿದ ಅಕ್ಕಿ ತೇವ ಹೀರುತ್ತದೆ.

ನಮ್ಮ ಅತ್ತೆ ಊರಿನ ಬೀಜವೇ ಬೇಕು ಎನ್ನುತ್ತಾರೆ, ಅಂಗಡಿಯವರು ಹೈಬ್ರಿಡ್ ತೆಗೆದುಕೊಳ್ಳಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಮಳೆಗಾಲದ ಬಳ್ಳಿಗಳಿಗೆ, ಹರಿವೆಗೆ, ಬಸಳೆಗೆ, ಅವರೆಗೆ ಅತ್ತೆಯ ಮಾತು. ನಮ್ಮ ಮಳೆಯನ್ನು ತಲೆಮಾರುಗಟ್ಟಲೆ ಕಂಡ ತಳಿಗಳವು, ಬೀಜವನ್ನೂ ನೀವೇ ಎತ್ತಿಟ್ಟುಕೊಳ್ಳಬಹುದು. ಅಂಕೋಲಾ, ಕುಮಟಾ ಸುತ್ತಿನ ಹಾಲಕ್ಕಿ ಒಕ್ಕಲಿಗ ಹೆಂಗಸರು ಸಂತೆಗೆ ತರುವ ಹರಿವೆ, ಸೌತೆಗಳ ರುಚಿ ನೋಡಿದವರಿಗೆ ಹೆಚ್ಚಿಗೆ ಹೇಳಬೇಕಾಗಿಲ್ಲ. ಕೊಳ್ಳುವಾಗ ಬೀಜಕ್ಕೆ ಬಿಟ್ಟ ಕಾಯಿ ಇದೆಯೇ ಎಂದು ಒಂದು ಮಾತು ಕೇಳಿ ನೋಡಿ. ಘಟ್ಟದ ಮೇಲಿನವರಿಗೆ ಶಿರಸಿಯ ವನಸ್ತ್ರೀ ಸಂಘಟನೆಯ ಹೆಂಗಸರು ಹಿತ್ತಲ ಬೀಜಗಳನ್ನು ಜೋಪಾನ ಮಾಡಿ ಹಂಚುತ್ತಾ ಬಂದಿದ್ದಾರೆ.

ಟೊಮೆಟೊ, ಎಲೆಕೋಸು ಇಲ್ಲಿನ ಬೆಳೆಗಳೇ ಅಲ್ಲ. ಅಲ್ಲಿ ಅಂಗಡಿಯವರ ಮಾತಿಗೆ ಬೆಲೆಯಿದೆ. ಹೈಬ್ರಿಡ್ ಕಾಯಿಯಿಂದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ ಎಂಬುದು ನೆನಪಿರಲಿ.

ಟ್ರೇಗೆ ಯಾವ ಮಣ್ಣು ತುಂಬಿಸಬೇಕು? ಹಿತ್ತಲಿನ ಕೆಂಪು ಮಣ್ಣು ಸಾಕೇ?

ಜಂಬಿಟ್ಟಿಗೆಯ ಕೆಂಪು ಮಣ್ಣು ಒದ್ದೆಯಾದರೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಎಳೆ ಬೇರಿಗೆ ಎರಡೂ ಹಿತವಲ್ಲ. ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಅಥವಾ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸೇರಿಸಿದರೆ ಟ್ರೇಗೆ ಸಾಕು. ನೆಲದ ಮೇಲೆ ಏರುಮಡಿ ಮಾಡುವವರು ಇದಕ್ಕೆ ಜರಡಿ ಹಿಡಿದ ಮಣ್ಣು, ಹೊಳೆಯ ಮರಳು ಸೇರಿಸಿಕೊಳ್ಳಬಹುದು. ಸುಡುಮಣ್ಣು ಸಿಕ್ಕರೆ ಬಿಡಬೇಡಿ. ಅದರಲ್ಲಿ ಕಳೆಬೀಜ ಸತ್ತಿರುತ್ತದೆ, ಬೂದಿಯ ಪೊಟ್ಯಾಷ್ ಇರುತ್ತದೆ.

ಕರಾವಳಿಯವರಿಗೆ ಎರಡು ಎಚ್ಚರಿಕೆ. ಉಪ್ಪುನೀರಿನಲ್ಲಿ ಕೊಳೆಸಿದ ಸಿಪ್ಪೆಯಿಂದ ಬಂದ ನಾರಿನ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ, ಗೋಣಿಚೀಲದಲ್ಲಿ ತುಂಬಿ ಸಿಹಿನೀರು ಹೊಯ್ದು ಮೂರು ನಾಲ್ಕು ಸಲ ಬಸಿಯಿರಿ. ಇನ್ನು, ಕಡಲ ಮರಳು ಪುಕ್ಕಟೆ ಸಿಗುತ್ತದೆ ಎಂದು ತರಬೇಡಿ. ಮೊಟ್ಟೆಯ ಚಿಪ್ಪಿನಲ್ಲಿ ಸಸಿ ಮಾಡುವ ಸೊಗಸಿನ ಬಗ್ಗೆ ಕೇಳುವವರಿಗೆ: ನೋಡಲು ಚೆಂದ, ಬೇರಿಗೆ ಇಕ್ಕಟ್ಟು.

ಸೆಪ್ಟೆಂಬರ್‌ನಲ್ಲೂ ಮಳೆ ಹೊಯ್ಯುತ್ತಲೇ ಇರುತ್ತದೆ, ಬಿಸಿಲು ಸಾಲದು. ಸಸಿಯನ್ನು ಎಲ್ಲಿ ಇಡಲಿ?

ಜಗುಲಿಯಲ್ಲಿ ಇಡಬೇಡಿ. ನಮಗೆ ಅಲ್ಲಿ ಬೆಳಕು ಧಾರಾಳವಾಗಿ ಕಂಡರೂ ಸಸಿಗೆ ಸಾಲದು. ನೀಲಿ ಟಾರ್ಪಾಲಿನ ಕೆಳಗೂ ಅಷ್ಟೇ. ಬೇಸಿಗೆಗೆಂದು ತಂದ ಹಸಿರು ನೆರಳುಬಲೆಯನ್ನು ಮಳೆಗಾಲದಲ್ಲಿ ಬಿಚ್ಚಿ ಒಳಗಿಡಿ. ಬೇಕಾದದ್ದು ಮಳೆ ತಡೆದು ಬೆಳಕು ಬಿಡುವ ಸೂರು. ಬಿದಿರಿನ ದಬ್ಬೆಗಳನ್ನು ಕಮಾನಾಗಿ ಬಗ್ಗಿಸಿ ನೆಲಕ್ಕೆ ಚುಚ್ಚಿ, ಮೇಲೆ ದಪ್ಪನೆಯ ಪಾರದರ್ಶಕ ಪಾಲಿಥೀನ್ ಹಾಸಿ ಕಟ್ಟಿ. ಎರಡೂ ಬದಿಯಲ್ಲಿ ಗೇಣೆರಡು ಗೇಣು ತೆರೆದೇ ಇರಲಿ. ಪೂರ್ತಿ ಮುಚ್ಚಿದರೆ ಒಳಗೆ ಹಬೆ ಕಟ್ಟಿ ಬೂಷ್ಟು ಹಿಡಿಯುತ್ತದೆ. ಟ್ರೇಗಳನ್ನು ನೆಲಕ್ಕೆ ತಾಗಿಸದೆ ಬೆಂಚಿನ ಮೇಲೋ, ಇಟ್ಟಿಗೆಗಳ ಮೇಲೆ ಅಡ್ಡ ಹಾಕಿದ ಅಡಿಕೆ ದಬ್ಬೆಯ ಮೇಲೋ ಇಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಅಡಿಕೆ ಒಣಗಿಸಲು ಕಟ್ಟಿಸಿದ ಪ್ಲಾಸ್ಟಿಕ್ ಮಾಡಿನ ಮನೆ ಮಳೆಗಾಲವಿಡೀ ಖಾಲಿ ಇರುತ್ತದೆ. ಸ್ವಂತದ್ದಿಲ್ಲದಿದ್ದರೆ ನೆರೆಯವರದನ್ನು ಕೇಳಿ. ನಾಲ್ಕು ಮನೆಯವರ ಟ್ರೇಗಳೂ ಒಂದೇ ಕಡೆ ಹಿಡಿಸುತ್ತವೆ, ನೀರು ಹಾಕುವುದನ್ನೂ ಪಾಳಿಯ ಮೇಲೆ ಹಂಚಿಕೊಳ್ಳಬಹುದು. ಅಡಿಕೆಯ ಕೊನೆಕೊಯ್ಲು (ಗೊನೆ ಕೊಯ್ಲು) ಶುರುವಾಗುವ ಹೊತ್ತಿಗೆ ಮಾತ್ರ ಜಾಗ ತೆರವಾಗಬೇಕು. ಅಡಿಕೆಯ ಎದುರು ಟೊಮೆಟೊ ಸಸಿಯ ಅಹವಾಲನ್ನು ಆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ.

ಸಸಿ ದಾರದ ಹಾಗೆ ಉದ್ದವಾಗಿ ಬೆಳೆದು ಮಲಗುತ್ತಿದೆ. ಗೊಬ್ಬರ ಸಾಲದೇ?

ಬೆಳಕು ಸಾಲದು. ಗೊಬ್ಬರ ಹಾಕಿದರೆ ಇನ್ನಷ್ಟು ಉದ್ದವಾಗುತ್ತದೆ. ಟೊಮೆಟೊ ಆಗಿದ್ದರೆ ಬಚಾವು: ನೆಡುವಾಗ ಮೇಲಿನ ಎಲೆಗಳಷ್ಟನ್ನೇ ಹೊರಗೆ ಬಿಟ್ಟು ಕಾಂಡವನ್ನು ಓರೆಯಾಗಿ ಹೂತರೆ ಅಲ್ಲೆಲ್ಲ ಬೇರು ಬರುತ್ತದೆ. ಮೆಣಸಿನಕಾಯಿ, ಕೋಸುಗಳಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಸಮಯವಿದ್ದರೆ ಮತ್ತೆ ಬಿತ್ತಿ.

ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?

ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ. ಮಳೆಗಾಲದ ಸೂರಿನಡಿ ಎರಡು ದಿನಕ್ಕೊಮ್ಮೆ ಸಾಕಾಗುವುದೂ ಉಂಟು. ಬೆಳಿಗ್ಗೆಯೇ ಹಾಕಿ, ಎಲೆ ಒದ್ದೆಯಾಗಿ ರಾತ್ರಿ ಕಳೆಯಬಾರದು. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಹತ್ತಾರು ತೂತು ಮಾಡಿಕೊಂಡರೆ ಬೀಜ ಕದಲದ ಹಾಗೆ ನೀರು ಬೀಳುತ್ತದೆ.

## ಹೂವಿನ ಕಡೆಯವರು

ದೀಪಾವಳಿಗೆ ಗೊಂಡೆ ಹೂವು ಸಿಗಬೇಕಾದರೆ ಯಾವಾಗ ಬೀಜ ಹಾಕಬೇಕು?

ಬಿತ್ತಿದ ದಿನದಿಂದ ಮೊದಲ ಹೂವಿಗೆ ಸುಮಾರು ಎರಡು ತಿಂಗಳು, ಗಿಡ ತುಂಬ ಅರಳಲು ಇನ್ನೊಂದು ಎರಡು ವಾರ ಬೇಕು. ಹಬ್ಬಕ್ಕೆ 75, 80 ದಿನ ಮೊದಲು ಎಂದಿಟ್ಟುಕೊಳ್ಳಿ. ಪಂಚಾಂಗ ತೆಗೆದು ಬಲಿಪಾಡ್ಯದಿಂದ ಹಿಂದಕ್ಕೆ ಎಣಿಸಿದರೆ ಹೆಚ್ಚಿನ ವರ್ಷ ಅದು ಆಶ್ಲೇಷಾ, ಮಘಾ ಮಳೆಗಳ ಆಸುಪಾಸಿಗೆ ಬರುತ್ತದೆ. ಹೊರಗೆ ಮಳೆ ಜಡಿಯುತ್ತಿರುವ ಕಾಲ, ಹಾಗಾಗಿ ಬಿತ್ತನೆ ಸೂರಿನಡಿಯೇ ಆಗಬೇಕು. ನೆಟ್ಟು ಮೂರು ನಾಲ್ಕು ವಾರಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚಿ ಹೂವೂ ಹೆಚ್ಚುತ್ತದೆ, ಆದರೆ ಅರಳುವುದು ಒಂದೆರಡು ವಾರ ತಡವಾಗುತ್ತದೆ. ಚಿವುಟುವ ಮನಸ್ಸಿದ್ದವರು ಅಷ್ಟು ಮೊದಲೇ ಬಿತ್ತಬೇಕು. ಗೋಪೂಜೆಯ ದಿನ ದನಗಳ ಕೊರಳಿಗೆ ಕಟ್ಟುವ ಮಾಲೆಗಷ್ಟೇ ಬೇಕಿದ್ದರೆ ಇಪ್ಪತ್ತು ಗಿಡ ಒಂದು ಮನೆಗೆ ಧಾರಾಳ.

ಗೊಂಡೆ ಬೀಜಕ್ಕೆ ದುಡ್ಡು ಕೊಡಬೇಕಾದದ್ದು ಒಂದೇ ಸಲ. ಒಣಗಿದ ಹೂವನ್ನು ಬಿಡಿಸಿದರೆ ಒಂದು ತುದಿ ಕಪ್ಪಾಗಿ ಇನ್ನೊಂದು ತುದಿ ಒಣಹುಲ್ಲಿನ ಬಣ್ಣಕ್ಕಿರುವ ಸಣ್ಣ ಕಡ್ಡಿಗಳು ಸಿಗುತ್ತವೆ. ಕಪ್ಪು ಭಾಗ ಗಟ್ಟಿಯಾಗಿದ್ದರೆ ಬೀಜ, ಬೆರಳಿಗೆ ಮೆತ್ತಗೆ ಬಾಗಿದರೆ ಜೊಳ್ಳು.

ಡೇರೆ ಗೆಡ್ಡೆಯನ್ನು ಯಾವಾಗ ಎಬ್ಬಿಸಬೇಕು? ಕಾರವಾರದಲ್ಲೂ ಆಗುತ್ತದೆಯೇ?

ಡೇರೆ, ಅಂದರೆ ಡೇಲಿಯಾ, ಘಟ್ಟದ ಮೇಲಿನ ಮಳೆಗಾಲದ ಹೂವು. ಶಿರಸಿ ಸೀಮೆಯ ಅಂಗಳಗಳಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅದರದೇ ದರಬಾರು. ಮಳೆ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಒಣ ಮರಳಿನಲ್ಲೋ ಬೂದಿಯಲ್ಲೋ ನೆರಳಿನಲ್ಲಿಡುತ್ತಾರೆ. ಏಪ್ರಿಲ್ ಕೊನೆಗೆ ಹೊರತೆಗೆದು ತುಸು ನೀರು ಚಿಮುಕಿಸಿದರೆ ಕಣ್ಣು ಒಡೆಯುತ್ತದೆ.

ಗೆಡ್ಡೆಯನ್ನು ಹಂಚುವಾಗಿನ ಗುಟ್ಟು ಇದು: ಕಣ್ಣು ಇರುವುದು ಗೆಡ್ಡೆಯ ಮೈಮೇಲಲ್ಲ, ಹಳೆಯ ಕಾಂಡಕ್ಕೆ ಅಂಟಿದ ಕತ್ತಿನಲ್ಲಿ. ಕಾಂಡದ ಚೂರಿಲ್ಲದೆ ಮುರಿದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ನೆಂಟರ ಮನೆಯಿಂದ ತಂದ ಡೇರೆ ಬದುಕಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ, ನೆಂಟರ ಕೈಗುಣವಲ್ಲ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಆದ್ದರಿಂದ ತಳ ತೂತು ಮಾಡಿದ ಸಿಮೆಂಟ್ ಚೀಲವೋ ದೊಡ್ಡ ಕೊಟ್ಟೆಯೋ ನೆಲಕ್ಕಿಂತ ವಾಸಿ. ಕಾರವಾರದ ಸೆಕೆಗೆ ಹೂವು ಚಿಕ್ಕದಾಗುತ್ತದೆ, ಗಿಡ ಬೇಗ ಸೋಲುತ್ತದೆ. ಆಸೆಗೆ ಒಂದೆರಡು ಇಟ್ಟುಕೊಳ್ಳಿ, ಪಾಲುತೋಟದ ಮಡಿ ಕೊಡಬೇಡಿ.

ಸೇವಂತಿಗೆಯನ್ನು ಎರಡು ತಿಂಗಳು ಮೊದಲೇ ನೆಟ್ಟರೆ ಹೂವೂ ಎರಡು ತಿಂಗಳು ಮೊದಲೇ ಬರುತ್ತದೆಯೇ?

ಬರುವುದಿಲ್ಲ. ಹಗಲು ಕಿರಿದಾಗಿ ರಾತ್ರಿ ಹಿರಿದಾದ ಮೇಲೆಯೇ ಸೇವಂತಿಗೆ ಮೊಗ್ಗು ಕಟ್ಟುವುದು. ಬೇಗ ನೆಟ್ಟರೆ ಗಿಡ ದೊಡ್ಡದಾಗುತ್ತದೆ ಅಷ್ಟೇ. ಅದರಿಂದಲೂ ಲಾಭವಿದೆ, ದೊಡ್ಡ ಗಿಡದಲ್ಲಿ ಹೂವು ಹೆಚ್ಚು. ಆದರೆ ನಮ್ಮ ಜುಲೈ ಮಳೆಯನ್ನು ದಾಟಿಸುವ ಕೆಲಸವೂ ಮೈಮೇಲೆ ಬರುತ್ತದೆ. ಕರಾವಳಿಯವರು ಬುಡದ ಮರಿಗಳನ್ನು ಸೂರಿನಡಿ ಕುಂಡದಲ್ಲಿ ಉಳಿಸಿಕೊಂಡು ಆಗಸ್ಟ್ ಕೊನೆಗೆ ಮಡಿಗಿಳಿಸುವುದು ಕ್ಷೇಮ. ನಮ್ಮ ಹಳೆಯ ಅವರೆ ತಳಿಗಳದೂ ಇದೇ ಸ್ವಭಾವ. ಮೇ ತಿಂಗಳಲ್ಲಿ ಬಿತ್ತಿದ ಅವರೆ ಚಪ್ಪರ ಮುಚ್ಚುವಷ್ಟು ಹಬ್ಬಿ, ಹೂವಿಗೆ ಮಾತ್ರ ದಿನ ಚಿಕ್ಕದಾಗುವುದನ್ನೇ ಕಾಯುತ್ತದೆ.

ಅಬ್ಬಲಿಗೆ ಬೀಜ ಹುಡುಕಿದರೂ ಸಿಗುವುದಿಲ್ಲವಲ್ಲ?

ಅಬ್ಬಲಿಗೆಯ, ಅಂದರೆ ಕನಕಾಂಬರದ, ಒಣಗಿದ ತೆನೆಗೆ ನೀರು ತಾಗಿದ ಕೂಡಲೇ ಕಾಯಿ ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ಮೊದಲ ಮಳೆಗೆ ಮುನ್ನ ತೆನೆ ಕೊಯ್ದು, ತಟ್ಟೆಯಲ್ಲಿಟ್ಟು ನೀರು ಚಿಮುಕಿಸಿ ಮೇಲೊಂದು ತೆಳು ಬಟ್ಟೆ ಮುಚ್ಚಿ. ಸಿಡಿದ ಬೀಜಗಳನ್ನು ಹಳೆಯದಾಗಲು ಬಿಡದೆ ಬಿತ್ತಿ.

## ಕಾಟಗಳು

ಚೆನ್ನಾಗಿ ಹುಟ್ಟಿದ ಸಸಿ ಒಂದೇ ರಾತ್ರಿಯಲ್ಲಿ ಬುಡ ಸೊರಗಿ ಸಾಲಾಗಿ ಬಿದ್ದಿದೆ. ಯಾವ ಹುಳು?

ಹುಳುವಲ್ಲ, ಶಿಲೀಂಧ್ರ. ಮಣ್ಣಿನ ಮಟ್ಟದಲ್ಲಿ ಕಾಂಡ ನೀರು ತುಂಬಿದಂತಾಗಿ ಸಣ್ಣಗಾಗುತ್ತದೆ, ಮೇಲಿನ ಎಲೆ ಇನ್ನೂ ಹಸಿರಿರುವಾಗಲೇ ಸಸಿ ಬೀಳುತ್ತದೆ. ಅತಿ ದಟ್ಟ ಬಿತ್ತನೆ, ಅತಿ ನೀರು, ಗಾಳಿಯಾಡದ ಸೂರು ಸೇರಿದಲ್ಲಿ ಇದು ಬರುತ್ತದೆ. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ, ಎರಡು ದಿನ ನೀರು ನಿಲ್ಲಿಸಿ, ಉಳಿದವಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಹೊಯ್ಯಿರಿ. ಅಡಿಕೆ ಇರುವ ಮನೆಯಲ್ಲಿ ಮೈಲುತುತ್ತ, ಸುಣ್ಣ ಹೇಗೂ ಇರುತ್ತವೆ. ಅವೆರಡನ್ನು ಬೆರೆಸಿ ಮಾಡುವ ಶೇ 1ರ ಬೋರ್ಡೋ ದ್ರಾವಣವೂ ನಡೆಯುತ್ತದೆ. ಹೊಳೆಯುವ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡಿ, ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಯ್ದರೆ ಎಳೆ ಸಸಿ ಸುಡುತ್ತದೆ.

ಔಷಧಿಗಿಂತ ಮೊದಲೇ ಮಾಡಬಹುದಾದದ್ದು ಹೆಚ್ಚು. ಸಸಿಮಡಿಯ ಜಾಗವನ್ನು ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲಿನ ಮಣ್ಣಿನ ರೋಗಾಣುಗಳೂ ಕಳೆಬೀಜವೂ ಬಹುಪಾಲು ಸಾಯುತ್ತವೆ. ಆಮೇಲೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಗೊಬ್ಬರ ಸೇರಿಸಿ.

ಹರಿವೆ ಬೀಜವನ್ನು ಇರುವೆ ಹೊತ್ತುಕೊಂಡು ಹೋಗುತ್ತದೆ, ಹುಟ್ಟಿದ್ದನ್ನು ಬಸವನಹುಳು ತಿನ್ನುತ್ತದೆ. ಏನು ಮಾಡಲಿ?

ಬಿತ್ತಿದ ಮಡಿಯ ಸುತ್ತ ಅಕ್ಕಿ ನುಚ್ಚು ಚೆಲ್ಲಿ. ಇರುವೆ ಅದನ್ನು ಸಾಗಿಸಿ ಮುಗಿಸುವಷ್ಟರಲ್ಲಿ ಹರಿವೆ ಮೊಳೆತಿರುತ್ತದೆ. ಬಸವನಹುಳುವಿಗೆ ಸಂಜೆ ಪಪ್ಪಾಯಿ ಎಲೆಯನ್ನೋ ಒದ್ದೆ ಗೋಣಿಯನ್ನೋ ಮಡಿಯ ಬದಿಗಿಟ್ಟು, ಬೆಳಿಗ್ಗೆ ಅದರಡಿ ಸೇರಿದವನ್ನು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಉಪ್ಪನ್ನು ನೇರವಾಗಿ ಮಡಿಗೆ ಚೆಲ್ಲಲೂ ಬೇಡಿ. ಮಂಗನಿಗೆ ಮದ್ದು ಕೇಳುವವರೂ ಇದ್ದಾರೆ. ಕಾಯಿ ಬಿಟ್ಟಾಗ ಕಾವಲಿಗೆ ಮನುಷ್ಯರೇ ಬೇಕು.

ಸೂರಿನಡಿ ಸೊಂಪಾಗಿದ್ದ ಸಸಿ ಗದ್ದೆಗೆ ನೆಟ್ಟ ಮಾರನೆಯ ದಿನವೇ ಬಾಡುತ್ತದೆ. ಯಾಕೆ?

ಮಳೆ ಬಿಟ್ಟ ಮೇಲಿನ ಚಿತ್ತಾ, ಸ್ವಾತಿ ಬಿಸಿಲು ಬೇಸಿಗೆಯಷ್ಟೇ ಕಟು. ಮೋಡದಡಿ ಬೆಳೆದ ಎಲೆಗೆ ಅದು ಹೊಸತು. ನಾಟಿಗೆ ಒಂದು ವಾರ ಇರುವಾಗ ಟ್ರೇಗಳನ್ನು ಮೊದಲು ಬೆಳಗಿನ ಒಂದು ತಾಸು, ಮತ್ತೆ ಎರಡು ಮೂರು ತಾಸು, ಕೊನೆಗೆ ಇಡೀ ದಿನ ಹೊರಗಿಟ್ಟು ಒಗ್ಗಿಸಿ. ನೀರನ್ನೂ ತುಸು ಕಡಿಮೆ ಮಾಡಿ. ನಾಟಿಯನ್ನು ಸಂಜೆ ನಾಲ್ಕರ ಮೇಲೆ ಮಾಡಿ. ಪ್ರತಿ ಸಸಿಯ ಪಡುವಣ ಬದಿಗೆ ಅರ್ಧ ಸೀಳಿದ ಅಡಿಕೆ ಹಾಳೆಯನ್ನು ಓರೆಯಾಗಿ ನೆಲಕ್ಕೆ ಚುಚ್ಚಿದರೆ ಮಧ್ಯಾಹ್ನದ ನಂತರದ ಬಿಸಿಲು ಎಲೆಗೆ ತಾಗುವುದಿಲ್ಲ. ನಾಲ್ಕೈದು ದಿನದ ಬಳಿಕ ಹೊಸ ಚಿಗುರು ಕಂಡಾಗ ಹಾಳೆ ತೆಗೆಯಿರಿ, ತಡ ಮಾಡಿದರೆ ಅದರ ಹಿಂದೆ ಬಸವನಹುಳು ಮನೆ ಮಾಡುತ್ತದೆ.

## ಕೈ ಪಳಗಿದವರಿಗೆ

ಬದನೆ, ಟೊಮೆಟೊ ಕಾಯಿ ಕಚ್ಚುವ ಹೊತ್ತಿಗೆ ಗಿಡ ಹಸಿರಿರುವಾಗಲೇ ಬಾಡಿ ಸಾಯುತ್ತದೆ. ನೀರು ಹಾಕಿದರೂ ಏಳುವುದಿಲ್ಲ.

ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗದ ಲಕ್ಷಣ ಇದು. ಖಚಿತ ಮಾಡಿಕೊಳ್ಳಲು ಬಾಡಿದ ಗಿಡದ ಬುಡದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿಯಷ್ಟೇ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕಾಂಡದಿಂದ ಬಿಳಿಯ ಎಳೆ ಕೆಳಕ್ಕೆ ಇಳಿದು ನೀರು ಕದಡಿದರೆ ಅನುಮಾನವಿಲ್ಲ. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ನಮ್ಮ ಹುಳಿಮಣ್ಣೂ ಬೆಚ್ಚನೆಯ ತೇವವೂ ಅದಕ್ಕೆ ಬಲು ಇಷ್ಟ. ಬಂದ ಮೇಲೆ ಹೊಡೆಯುವ ಔಷಧಿಗೆ ಹಣ ಸುರಿಯಬೇಡಿ.

ದಾರಿಗಳಿರುವುದು ಬಿತ್ತನೆಗೆ ಮೊದಲು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ, ಅರ್ಕಾ ಕೇಶವ್ ಮತ್ತು ಅರ್ಕಾ ನಿಧಿ ಬದನೆ ಈ ರೋಗವನ್ನು ತಡೆದುಕೊಳ್ಳುವ ತಳಿಗಳು. ಮಣ್ಣಿನ ಹುಳಿ ಇಳಿಸಲು ನಾಟಿಗೆ ಎರಡು ಮೂರು ವಾರ ಮೊದಲು ಚದರ ಮೀಟರಿಗೆ ಸುಮಾರು 200 ಗ್ರಾಂ ಸುಣ್ಣ ಬೆರೆಸಿ. ಕರಾವಳಿಯಲ್ಲಿ ಚಿಪ್ಪಿಯ ಸುಣ್ಣ ಸಿಗುತ್ತದೆ. ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಸರಿಯಾದ ಪ್ರಮಾಣ ಬೇಕೆನ್ನುವವರು ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಲಿ. ಪಾಲುತೋಟದಲ್ಲಿ ಇನ್ನೊಂದು ತಕರಾರು ಇದೆ. ರೋಗ ಬೇಲಿ ನೋಡುವುದಿಲ್ಲ, ಮೇಲಿನ ಮಡಿಯ ನೀರು ಕೆಳಗಿನವರ ಮಡಿಗೆ ಹರಿಯುತ್ತದೆ. ಸತ್ತ ಗಿಡವನ್ನು ಬದುವಿನ ಮೇಲೆ ಎಸೆಯದೆ ಸುಡುವುದು ಎಲ್ಲ ಪಾಲುದಾರರ ಕರಾರಾಗಿರಲಿ.

ಕಾಡು ಸುಂಡೆಗೆ ಬದನೆ ಕಸಿ ಮಾಡಬಹುದಂತೆ. ಮನೆಯಲ್ಲೇ ಆಗುತ್ತದೆಯೇ?

ಆಗುತ್ತದೆ, ತಾಳ್ಮೆ ಬೇಕು. ಸುಂಡೆಯ ಬೇರು ಸೊರಗು ರೋಗವನ್ನು ಚೆನ್ನಾಗಿ ತಡೆಯುತ್ತದೆ. ಅದರ ಬೀಜ ನಿಧಾನವಾಗಿ ಮೊಳೆಯುವುದರಿಂದ ಬದನೆಗಿಂತ ಎರಡು ಮೂರು ವಾರ ಮೊದಲೇ ಬಿತ್ತಬೇಕು. ಎರಡರ ಕಾಂಡವೂ ಒಂದೇ ದಪ್ಪಕ್ಕೆ ಬಂದಾಗ ಸುಂಡೆಯನ್ನು ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ, ನಡುವೆ ಸೀಳಿ, ಬದನೆಯ ಕುಡಿಯನ್ನು ಬೆಣೆಯಾಗಿ ಕೆತ್ತಿ ಕೂರಿಸಿ ಕಸಿಕ್ಲಿಪ್ ಹಾಕಿ. ಐದಾರು ದಿನ ನೆರಳಿನಲ್ಲಿ, ಪ್ಲಾಸ್ಟಿಕ್ ಕವಚದೊಳಗೆ ತೇವ ಆರದಂತೆ ಇಡಿ. ನಮ್ಮ ಮಳೆಗಾಲದ ಗಾಳಿ ಈ ಒಂದು ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಸಿಯ ಗಂಟು ನೆಟ್ಟಾಗ ಮಣ್ಣಿನ ಮೇಲೆಯೇ ಇರಬೇಕು, ಹೂತರೆ ಬದನೆಯೇ ಬೇರು ಬಿಟ್ಟು ಪಟ್ಟ ಶ್ರಮವೆಲ್ಲ ವ್ಯರ್ಥ. ಟೊಮೆಟೊವನ್ನು ರೋಗ ತಡೆಯುವ ಬದನೆಯ ಮೇಲೆ ಕಸಿ ಮಾಡುವುದೂ ಉಂಟು. ಬದನೆಯ ಬೇರು ನಿಂತ ನೀರನ್ನು ಟೊಮೆಟೊ ಬೇರಿಗಿಂತ ಹೆಚ್ಚು ತಾಳುತ್ತದೆ.

ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಕುಮಟೆಯ ಸಿಹಿ ಈರುಳ್ಳಿಯನ್ನು ನಮ್ಮ ಮಡಿಯಲ್ಲೂ ಬೆಳೆಯಬಹುದೇ?

ಭತ್ತ ಕೊಯ್ದ, ಮರಳು ಮಿಶ್ರಿತ, ನೀರು ಬಸಿಯುವ ಗದ್ದೆಯಾದರೆ ಪ್ರಯತ್ನಿಸಿ. ಅಂಟು ಕೆಮ್ಮಣ್ಣಿನಲ್ಲಿ ಗೆಡ್ಡೆ ಉಬ್ಬುವುದಿಲ್ಲ. ಬೀಜ ಆ ವರ್ಷದ್ದೇ ಇರಬೇಕು, ಬೆಳೆಯುವ ಮನೆಯಿಂದಲೇ ಬಂದರೆ ಒಳ್ಳೆಯದು. ಮಳೆ ಕಡಿಮೆಯಾಗುವ ಅಕ್ಟೋಬರ್‌ನಲ್ಲಿ ಏರುಮಡಿಯಲ್ಲಿ ಸಾಲಾಗಿ ತೆಳುವಾಗಿ ಬಿತ್ತಿ, ಬೀಜದ ಮೇಲೆ ಅರ್ಧ ಬೆರಳು ಗೊಬ್ಬರ ಉದುರಿಸಿ, ಮೊಳೆಯುವವರೆಗೆ ಒಣಹುಲ್ಲು ಹೊದಿಸಿ. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು. ಸಸಿ ಪೆನ್ಸಿಲಿಗಿಂತ ತುಸು ಸಣ್ಣ ದಪ್ಪಕ್ಕೆ ಬಂದಾಗ ಎಲೆಯ ತುದಿ ಕತ್ತರಿಸಿ, ಗೇಣಿನ ಅರ್ಧದಷ್ಟು ಅಂತರ ಕೊಟ್ಟು, ಬುಡ ಆಳಕ್ಕೆ ಹೋಗದಂತೆ ನೆಡಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ಎಲೆ ತಾನಾಗಿ ಮಗುಚತೊಡಗಿದ ಮೇಲೆ ನೀರು ನಿಲ್ಲಿಸಬೇಕು. ಜಡೆ ಹೆಣೆಯುವ ಆಸೆಯಿದ್ದರೆ ಕಿತ್ತ ಮೇಲೆ ಎಲೆ ಕತ್ತರಿಸಬೇಡಿ.

ಸಸಿ ಮಿಕ್ಕಿದೆ. ಎಸೆಯಲು ಮನಸ್ಸಿಲ್ಲ, ನೆಡಲು ಜಾಗವಿಲ್ಲ.

ನಾಟಿಯಾದ ಮೇಲೆ ಹತ್ತು ದಿನ ಹತ್ತರಲ್ಲೊಂದು ಪಾಲು ಸಸಿಯನ್ನು ಟ್ರೇಯಲ್ಲೇ ಉಳಿಸಿಕೊಳ್ಳಿ. ಸತ್ತಲ್ಲಿ ಮರುನಾಟಿಗೆ ಅದೇ ವಯಸ್ಸಿನ ಸಸಿ ಬೇಕಾಗುತ್ತದೆ. ಅಲ್ಲಿಂದ ಮುಂದೆ ಉಳಿದದ್ದನ್ನು ಪಕ್ಕದ ಪಾಲಿನವರಿಗೆ ಕೊಡಿ, ಬದಲಿಗೆ ನಿಮ್ಮಲ್ಲಿಲ್ಲದ ಸಸಿ ಕೇಳಿ. ಕೊಡುವಾಗ ತಳಿಯ ಹೆಸರು ಹೇಳಿ. ಬೇರು ಟ್ರೇಯ ತಳದಲ್ಲಿ ಸುತ್ತು ಹಾಕಿಕೊಂಡಿದ್ದರೆ ಅಂಥ ಸಸಿಯನ್ನು ಯಾರಿಗೂ ದಾಟಿಸದೆ ಗೊಬ್ಬರಗುಂಡಿಗೆ ಹಾಕಿ.